ಆಣೆಗೆ ಬಗ್ಗದ ಅಮಲು

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗಕ್ಕೆ ತಪ್ಪದ ಸ್ಥಾನವಿದೆ. ಸಮಂತಭದ್ರಾಚಾರ್ಯರು ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನು ಹೇಳಿದರು. ಅಮೃತಚಂದ್ರಾಚಾರ್ಯರು ಅದೇ ಮೂರನ್ನು ಐದು ಉದುಂಬರ ಫಲಗಳೊಡನೆ ಎಣಿಸಿದರು. ಎಣಿಕೆಯಲ್ಲಿ ಭೇದವಿದ್ದರೂ ಮದ್ಯದ ವಿಷಯದಲ್ಲಿ ಭೇದವಿಲ್ಲ. ಆದುದರಿಂದ ಈ ಪತ್ರಿಕೆಯ ವಾಚಕರಿಗೆ ಮದ್ಯಪಾನವು ಕೆಟ್ಟದ್ದೆಂದು ಬೋಧಿಸುವ ಅಗತ್ಯ ನನಗೆ ಕಾಣುವುದಿಲ್ಲ. ನನ್ನ ವಾದ ಬೇರೆ. ಈಗಾಗಲೇ ಕುಡಿತಕ್ಕೆ ಬಿದ್ದಿರುವ ನಮ್ಮವರ ವಿಷಯದಲ್ಲಿ ನಮ್ಮ ಮನೆಗಳೂ ಬಸದಿಗಳ ಆಡಳಿತ ಮಂಡಳಿಗಳೂ ನಡೆದುಕೊಳ್ಳುತ್ತಿರುವ ರೀತಿ ತಪ್ಪಾದುದು. ಕೆಲವು ಸಂದರ್ಭಗಳಲ್ಲಿ ಅದು ಸ್ವತಃ ಹಿಂಸೆಯೇ ಆಗಿದೆ.

"ನಮ್ಮವರು" ಎಂದೊಡನೆ ಕೆಲವರು ಹುಬ್ಬೇರಿಸುವರು. ಜೈನರ ಮನೆಯಲ್ಲಿ ಮದ್ಯವೇ ಎಂದು ಕೇಳುವರು. ಹೀಗೆ ಕೇಳುವವರು ಕಳೆದ ಕೆಲವು ವರ್ಷಗಳ ಮದುವೆಗಳಲ್ಲಿ ವರನ ಗೆಳೆಯರಿಗಾಗಿ ಪ್ರತ್ಯೇಕವಾಗಿ ಏರ್ಪಡಿಸಿದ ಹೋಟೆಲಿನ ಕೋಣೆಗಳತ್ತ ಕಣ್ಣು ಹಾಯಿಸದೆ ಬಂದವರಿರಬೇಕು. ವ್ಯಾಪಾರದ ಮಾತುಕತೆ, ಕಂಪನಿಯ ಔತಣ, ಪರದೇಶದ ಪ್ರಯಾಣ, ಹಾಸ್ಟೆಲಿನ ಕೊನೆಯ ವರ್ಷ, ಹೀಗೆ ಅದು ಒಳಬಂದ ಬಾಗಿಲುಗಳು ಹಲವು. ಆದರೆ ಒಳಬಂದ ಮೇಲೆ ಉಳಿದುಕೊಳ್ಳಲು ಅದು ಹೇಳುವ ಕಾರಣ ಮಾತ್ರ ಬಹುಮಟ್ಟಿಗೆ ಒಂದೇ: "ತುಂಬಾ ಟೆನ್ಶನ್, ಸ್ವಲ್ಪ ತೆಗೆದುಕೊಂಡರೆ ನಿದ್ದೆ ಬರುತ್ತದೆ." ಈ ಮಾತನ್ನು ಹೇಳುವವನು ಸುಳ್ಳು ಹೇಳುತ್ತಿಲ್ಲ. ಅಂದಿನ ರಾತ್ರಿಯ ಮಟ್ಟಿಗೆ ಅದು ನಿಜ. ಅದರ ಅಪಾಯವಿರುವುದೂ ಅಲ್ಲಿಯೇ.

ಮದ್ಯದ ಸಾರವಾದ ಎಥನಾಲ್ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಬೆರೆಯಬಲ್ಲ ಬಲು ಚಿಕ್ಕ ಅಣು. ರಕ್ತಕ್ಕೂ ಮೆದುಳಿಗೂ ನಡುವೆ ಪ್ರಕೃತಿಯು ಕಟ್ಟಿರುವ ತಡೆಗೋಡೆಯು ಎಷ್ಟೋ ವಿಷಗಳನ್ನು ಹೊರಗೆ ನಿಲ್ಲಿಸುತ್ತದೆ, ಎಥನಾಲನ್ನು ನಿಲ್ಲಿಸಲಾರದು. ಕೆಲವೇ ನಿಮಿಷಗಳಲ್ಲಿ ಅದು ನರಕೋಶಗಳನ್ನು ಮುಟ್ಟುತ್ತದೆ. ನರಕೋಶಗಳು ಒಂದಕ್ಕೊಂದು ರಾಸಾಯನಿಕ ದ್ರವ್ಯಗಳ ಮೂಲಕ ಸಂದೇಶ ಕಳುಹಿಸುತ್ತವೆ. ಆ ಸಂದೇಶವನ್ನು ಸ್ವೀಕರಿಸುವ, ಕೋಶದ ಹೊರಪೊರೆಯಲ್ಲಿ ನೆಟ್ಟಿರುವ ಪ್ರೋಟೀನುಗಳಿಗೆ ವೈದ್ಯರು ರಿಸೆಪ್ಟರ್ ಎನ್ನುತ್ತಾರೆ. ನಾವು ಗ್ರಾಹಕಗಳೆನ್ನೋಣ. (ಅಂಗಡಿಯ ಗ್ರಾಹಕರಿಗೂ ಇವಕ್ಕೂ ಸಂಬಂಧವಿಲ್ಲ, ಆದರೂ ಬೇಡಿಕೆ, ಪೂರೈಕೆಗಳ ಲೆಕ್ಕ ಇಲ್ಲಿಯೂ ಉಂಟೆಂಬುದು ಮುಂದೆ ಕಾಣುವುದು.)

ಮೆದುಳಿನಲ್ಲಿ ಶಾಂತಗೊಳಿಸುವ ಸಂದೇಶವನ್ನು ಒಯ್ಯುವ ಮುಖ್ಯ ದ್ರವ್ಯ ಗ್ಯಾಬಾ. ಮೆದುಳಿನಲ್ಲಿ ಅದರ ಇರುವಿಕೆಯು ತಿಳಿದುಬಂದದ್ದು 1950ರಲ್ಲಿ. ಅದರ ಗ್ರಾಹಕವು ಐದು ತುಂಡುಗಳು ಸೇರಿ ಆದ ಒಂದು ಬಾಗಿಲು. ಗ್ಯಾಬಾ ಬಂದು ತಾಗಿದಾಗ ಬಾಗಿಲು ತೆರೆದು ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಕಣಗಳು ಕೋಶದೊಳಕ್ಕೆ ಹರಿಯುತ್ತವೆ. ಕೋಶವು ಉದ್ರೇಕಗೊಳ್ಳದೆ ಸುಮ್ಮನಿರುತ್ತದೆ. ಮದ್ಯವು ಈ ಗ್ಯಾಬಾದ ಕೆಲಸವನ್ನು ಹೆಚ್ಚಿಸುತ್ತದೆ. ಇನ್ನೊಂದೆಡೆ, ಉದ್ರೇಕಿಸುವ ಸಂದೇಶವನ್ನು ಒಯ್ಯುವ ಗ್ಲುಟಮೇಟ್ ಎಂಬ ದ್ರವ್ಯವಿದೆ. ಅದರ ಗ್ರಾಹಕಗಳಲ್ಲಿ ಎನ್‌ಎಂಡಿಎ ಎಂಬ ಬಗೆಯದನ್ನು ಮದ್ಯವು ಅಡಗಿಸುತ್ತದೆ ಎಂಬುದನ್ನು 1989ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ನೆನಪುಗಳನ್ನು ಅಚ್ಚೊತ್ತುವ ಕಾರ್ಯಕ್ಕೆ ಇದೇ ಗ್ರಾಹಕ ಬೇಕು. ಕುಡಿದ ರಾತ್ರಿ ಮಡದಿಯನ್ನು ನಿಂದಿಸಿ ಬೆಳಗಾಗೆದ್ದು "ನಾನು ಹಾಗೆ ಅಂದೆನೇ?" ಎಂದು ಕೇಳುವವನು ಯಾವಾಗಲೂ ನಟಿಸುತ್ತಾನೆಂದು ತಿಳಿಯಬೇಕಾಗಿಲ್ಲ. ಅಚ್ಚೇ ಬೀಳದ ಪುಟವನ್ನು ಅವನು ಓದಲಾರ. ಅವಳು ಮಾತ್ರ ಅದನ್ನು ಪೂರ್ತಿ ಓದಿರುತ್ತಾಳೆ.

ಇದರ ಜೊತೆಗೆ ಮೆದುಳಿನಲ್ಲಿಯೇ ಹುಟ್ಟುವ ಅಫೀಮಿನಂಥ ದ್ರವ್ಯಗಳು ಹೊರಡುತ್ತವೆ, ಡೋಪಮಿನ್ ಹೆಚ್ಚುತ್ತದೆ, "ಇದು ಹಿತ, ಇದನ್ನು ನೆನಪಿಡು, ಮತ್ತೆ ಬಾ" ಎಂಬ ಗುರುತು ಬೀಳುತ್ತದೆ. ಉದ್ವೇಗ ಇಳಿಯಿತು, ಹಿತವೂ ಆಯಿತು. ಮೊದಲ ತಿಂಗಳ ಕಥೆ ಇಷ್ಟೆ.

ಮೆದುಳು ಸುಮ್ಮನೆ ಕುಳಿತು ಹೊಡೆತ ತಿನ್ನುವ ವಸ್ತುವಲ್ಲ. ದಿನವೂ ಹೊರಗಿನಿಂದ ಶಾಂತಿ ಸುರಿಯುತ್ತಿದ್ದರೆ ತನ್ನೊಳಗಿನ ಶಾಂತಿಯ ವ್ಯವಸ್ಥೆಯನ್ನು ಅದು ಕಡಿಮೆ ಮಾಡಿಕೊಳ್ಳುತ್ತದೆ. ಗ್ಯಾಬಾ ಗ್ರಾಹಕಗಳ ತುಂಡುಗಳ ಜೋಡಣೆಯೇ ಬದಲಾಗಿ ಅವು ಮಂದವಾಗುತ್ತವೆ. ಅಡಗಿಸಲ್ಪಟ್ಟ ಎನ್‌ಎಂಡಿಎ ಗ್ರಾಹಕಗಳು ಸಂಖ್ಯೆಯಲ್ಲಿಯೂ ಚುರುಕಿನಲ್ಲಿಯೂ ಹೆಚ್ಚುತ್ತವೆ. ಬಹುಕಾಲ ಕುಡಿದವರ ಮೆದುಳಿನಲ್ಲಿ ಡೋಪಮಿನ್‌ನ ಡಿ2 ಎಂಬ ಗ್ರಾಹಕಗಳು ಕಡಿಮೆಯಾಗಿರುವುದನ್ನು 1996ರಲ್ಲಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು ಚಿತ್ರಣ ಯಂತ್ರದ ಸಹಾಯದಿಂದ ಕಂಡರು. ಫಲವೇನು? ಮೊದಲಿನ ಅಳತೆ ಸಾಲದು. ಮಗುವಿನ ನಗು, ಹಬ್ಬದ ಊಟ, ವ್ಯಾಪಾರದ ಲಾಭ ಯಾವುದೂ ಮೊದಲಿನಂತೆ ರುಚಿಸದು. ಮದ್ಯವಿಲ್ಲದ ಹೊತ್ತಿನಲ್ಲಿ ಇಡೀ ನರಮಂಡಲವು ಬಿಗಿದ ತಂತಿಯಂತಿರುತ್ತದೆ. ಲೇವಾದೇವಿ ಬಲ್ಲ ನಮ್ಮ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾತ್ರಿ ದೊರೆತ ಶಾಂತಿಯು ನಾಳೆಯ ಶಾಂತಿಯ ಮೇಲೆ ಎತ್ತಿದ ಸಾಲ. ಬಡ್ಡಿ ಚಕ್ರಬಡ್ಡಿ.

ಇನ್ನು ಆ "ಟೆನ್ಶನ್" ಏನೆಂದು ನೋಡೋಣ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯು 1936ರಲ್ಲಿ ಬರೆದ ಒಂದು ಕಿರುಪತ್ರವು ಒತ್ತಡದ ಶಾಸ್ತ್ರಕ್ಕೆ ನಾಂದಿಯಾಯಿತು: ಪೆಟ್ಟು, ಚಳಿ, ವಿಷ ಯಾವುದೇ ಆಗಲಿ, ದೇಹವು ಕೆಲವು ಸಾಮಾನ್ಯ ರೀತಿಗಳಲ್ಲಿಯೇ ಉತ್ತರಿಸುತ್ತದೆ. ಈ ಉತ್ತರಕ್ಕೆ ಚಾಲನೆ ಕೊಡುವ ಸಿಆರ್‌ಎಫ್ ಎಂಬ ದ್ರವ್ಯವನ್ನು 1981ರಲ್ಲಿ ವೈಲಿ ವೇಲ್ ಮತ್ತು ಸಂಗಡಿಗರು ಬೇರ್ಪಡಿಸಿದರು. ಮೆದುಳಿನ ತಳಭಾಗದಿಂದ ಅದು ಹೊರಟು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದರಿಂದ ಬಂದ ಆಜ್ಞೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಸುರಿಸುತ್ತವೆ. ಒತ್ತಡವನ್ನು ಮರೆಯಲೆಂದು ಕುಡಿಯುವ ನಮ್ಮ ಬಂಧುಗಳಿಗೆ ಯಾರೂ ಹೇಳದ ಒಂದು ಸಂಗತಿ ಇಲ್ಲಿದೆ. ಅಮಲೇರುವಷ್ಟು ಮದ್ಯವು ಇದೇ ಕಾರ್ಟಿಸಾಲ್ ವ್ಯವಸ್ಥೆಯನ್ನು ತಾನೇ ಬಡಿದೆಬ್ಬಿಸುತ್ತದೆ. ಬೆಂಕಿ ಆರಿಸಲು ಕರೆದವನೇ ಕೊಳ್ಳಿ ಹಿಡಿದು ಬಂದಂತಾಯಿತು. ಮಂಪರಿನಲ್ಲಿ ಮನಸ್ಸಿಗೆ ಅದು ಗೊತ್ತಾಗದಿದ್ದರೂ ದೇಹದ ಲೆಕ್ಕದಲ್ಲಿ ಖರ್ಚು ಬಿದ್ದಿರುತ್ತದೆ. ನಿದ್ದೆಯೂ ಹಾಗೆಯೇ: ಬೇಗ ಬರುತ್ತದೆ, ರಾತ್ರಿಯ ಉತ್ತರಾರ್ಧದಲ್ಲಿ ಒಡೆಯುತ್ತದೆ.

2016ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾನ್ ದಾನಿ ಅವರ ತಂಡವು ಪ್ರಕಟಿಸಿದ ಶೋಧವು ಈ ಗಂಟನ್ನು ಇನ್ನಷ್ಟು ಬಿಡಿಸಿತು. ಇಲಿಗಳನ್ನು ಒಂದು ಗಂಟೆಯ ಕಾಲ ಅಲುಗಾಡದಂತೆ ಬಂಧಿಸಿ ಒತ್ತಡಕ್ಕೆ ಗುರಿಪಡಿಸಿದರು. ಆಮೇಲೆ ಅವು ಉಳಿದ ಇಲಿಗಳಿಗಿಂತ ಹೆಚ್ಚು ಮದ್ಯವನ್ನು ಕುಡಿದವು. ಒಂದು ಗಂಟೆಯ ಸಂಕಟದ ಪರಿಣಾಮ ವಾರಗಟ್ಟಲೆ ಉಳಿಯಿತು. ಕಾರಣವನ್ನು ಹುಡುಕಿದಾಗ, ಕೋಶದಿಂದ ಕ್ಲೋರೈಡನ್ನು ಹೊರಹಾಕುವ ಪಂಪಿನಂಥ ವ್ಯವಸ್ಥೆಯು ಮೆದುಳಿನ ಒಂದು ಭಾಗದಲ್ಲಿ ದುರ್ಬಲವಾದುದು ಕಂಡಿತು. ಕ್ಲೋರೈಡ್ ಒಳಗೇ ಕೂಡಿಕೊಂಡಾಗ ಗ್ಯಾಬಾ ಬಾಗಿಲು ತೆರೆದರೆ ಹರಿವು ತಿರುಗುಮುರುಗಾಗುತ್ತದೆ. ಶಾಂತಗೊಳಿಸಬೇಕಾದ ಸಂದೇಶವೇ ಕೆರಳಿಸುವ ಸಂದೇಶವಾಗುತ್ತದೆ. ಅದರಿಂದ ಮದ್ಯಕ್ಕೆ ಉತ್ತರವಾಗಿ ಹೊರಡುವ ಡೋಪಮಿನ್ ಕುಗ್ಗಿತು, ಕುಡಿತ ಏರಿತು. ಒತ್ತಡದ ಹಾರ್ಮೋನಿನ ಗ್ರಾಹಕಗಳನ್ನು ಮೊದಲೇ ತಡೆದಾಗ ಈ ಬದಲಾವಣೆ ಆಗಲಿಲ್ಲ. ಇಲಿ ಮನುಷ್ಯನಲ್ಲ ಎಂಬ ಎಚ್ಚರ ಇರಬೇಕಾದುದೇ. ಆದರೂ ಕುಡಿತ ಒಂದು ಕಡೆಯಿಂದ, ಒತ್ತಡ ಮತ್ತೊಂದು ಕಡೆಯಿಂದ ಅದೇ ಬಾಗಿಲನ್ನು ಕೆಡಿಸಬಲ್ಲವೆಂಬ ಸೂಚನೆ ಸಣ್ಣದಲ್ಲ.

ಈ ಜ್ಞಾನವು ಮೂಕಜೀವಿಗಳ ಸಂಕಟದಿಂದ ಬಂದುದೆಂಬುದನ್ನು ಅಹಿಂಸೆಯನ್ನು ನಂಬಿದ ನಾವು ಕಣ್ಣುಮುಚ್ಚಿ ದಾಟಲಾಗದು. ಆ ವಿಧಾನವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ತಿಳಿದುಬಂದುದನ್ನು ತಿಳಿಯದವರಂತೆ ನಟಿಸಿದರೆ ಆ ಜೀವಿಗಳಿಗೂ ಉಪಕಾರವಿಲ್ಲ, ನಮ್ಮ ಮನೆಯ ರೋಗಿಗೂ ಇಲ್ಲ.

ಬಹುಕಾಲ ಕುಡಿದವನು ಮದ್ಯವನ್ನು ನಿಲ್ಲಿಸಿದಾಗ ಮೆದುಳಿನ ಭಯಕೇಂದ್ರವಾದ ಅಮಿಗ್ಡಾಲದಲ್ಲಿ ಸಿಆರ್‌ಎಫ್ ಏರುತ್ತದೆಂಬುದು ಪ್ರಾಣಿಗಳ ಮೇಲಿನ ಶೋಧಗಳಲ್ಲಿ ಕಂಡ ಸಂಗತಿ. ಜಾರ್ಜ್ ಕೂಬ್ ಎಂಬ ವಿಜ್ಞಾನಿಯು ಇದನ್ನೇ ವ್ಯಸನದ ಕತ್ತಲ ಮುಖವೆಂದು ವಿವರಿಸಿದ್ದಾರೆ. ಈ ಹಂತವನ್ನು ಮುಟ್ಟಿದವನು ಸುಖಕ್ಕಾಗಿ ಕುಡಿಯುವುದಿಲ್ಲ. ಕಾರಣವಿಲ್ಲದ ಭಯ, ಬೆವರು, ಕೈನಡುಕಗಳಿಂದ ಒಂದು ಗಂಟೆಯ ಬಿಡುಗಡೆಗಾಗಿ ಕುಡಿಯುತ್ತಾನೆ. ಬೆಳಗ್ಗೆಯೇ ಬಾಟಲಿಗೆ ಕೈಹಾಕುವವನನ್ನು ನಾವು ನಾಚಿಕೆಗೆಟ್ಟವನೆನ್ನುತ್ತೇವೆ. ಅವನ ನಾಚಿಕೆ ಎಲ್ಲಿಗೂ ಹೋಗಿರುವುದಿಲ್ಲ. ಅದು ಅವನ ಒತ್ತಡದ ರಾಶಿಗೆ ಇನ್ನೊಂದು ಸೇರಾಗಿರುತ್ತದೆ.

ಇಂಥವನನ್ನು ನಾವೇನು ಮಾಡುತ್ತೇವೆ? ಬಸದಿಗೆ ಕರೆದೊಯ್ದು ಭಗವಂತನ ಸನ್ನಿಧಿಯಲ್ಲಿ ಆಣೆ ಮಾಡಿಸುತ್ತೇವೆ. ತ್ಯಾಗಿಗಳು ಊರಿಗೆ ಬಂದಾಗ ಎಲ್ಲರೆದುರು ನಿಯಮ ಕೊಡಿಸುತ್ತೇವೆ. ಪ್ರಾಯಶ್ಚಿತ್ತವೆಂದು ಉಪವಾಸ ಮಾಡಿಸುತ್ತೇವೆ. ಹೊರಗೆ ಹೋಗದಂತೆ ಕೋಣೆಯಲ್ಲಿ ಕೂಡಿಹಾಕುತ್ತೇವೆ. ಇಷ್ಟು ಮಾಡಿ, ಧರ್ಮ ಉಳಿಯಿತೆಂದು ಸಮಾಧಾನಪಡುತ್ತೇವೆ.

ಸಮಾಜ ಬಾಂಧವರು ದಯವಿಟ್ಟು ಗಮನವಿಟ್ಟು ಓದಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಅವನು ಸಾಯಬಹುದು. ಮಂದವಾದ ಗ್ಯಾಬಾ, ಹುಚ್ಚೆದ್ದ ಗ್ಲುಟಮೇಟ್, ಇವೆರಡರ ನಡುವೆ ತಡೆಯಾಗಿ ನಿಂತಿದ್ದ ಮದ್ಯವು ಹಠಾತ್ತನೆ ಇಲ್ಲವಾದಾಗ ಮೆದುಳು ಕಡಿವಾಣವಿಲ್ಲದ ಕುದುರೆಯಾಗುತ್ತದೆ. ಮೊದಲ ದಿನ ನಡುಕ, ಬೆವರು, ವಾಂತಿ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳುಗಳು ಮೈಮೇಲೆ ಹರಿದಂತೆ ಕಾಣುತ್ತವೆ, ದಿಕ್ಕು ತಿಳಿಯದು, ಜ್ವರ ಏರುತ್ತದೆ, ಎದೆಬಡಿತ ಹುಚ್ಚಾಪಟ್ಟೆ ಓಡುತ್ತದೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ಸನ್ನಿಗೆ ತುತ್ತಾದವರಲ್ಲಿ ಮೂರನೆಯ ಒಂದು ಭಾಗದವರೆಗೂ ಸಾಯುತ್ತಿದ್ದರು. ಸಕಾಲದ ಚಿಕಿತ್ಸೆಯಿಂದ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿದಿದೆ. ನಮ್ಮಲ್ಲಿ ಇಂಥ ಸನ್ನಿಯನ್ನು ಕಂಡು "ಗಾಳಿ ಸೋಕಿದೆ" ಎಂದವರುಂಟು; ಆಣೆ ಮುರಿಯಲು ಹೂಡಿದ ನಾಟಕವೆಂದವರೂ ಉಂಟು.

ಇದು ಊಹೆಯಲ್ಲ. ಅಮೆರಿಕೆಯ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಸಂಗಡಿಗರು, ಹಿಂದೆ ಮಾರ್ಫಿನ್ ವ್ಯಸನಕ್ಕೆ ಬಿದ್ದಿದ್ದ ಕೆಲವರಿಗೆ ಚೆನ್ನಾಗಿ ಊಟ ಕೊಡುತ್ತ ವಾರಗಟ್ಟಲೆ ಮದ್ಯ ಕುಡಿಸಿ ಒಮ್ಮೆಲೆ ನಿಲ್ಲಿಸಿದರು. ಫಿಟ್ಸ್ ಬಂದವು, ಸನ್ನಿಯೂ ಬಂತು. ಇದು ಪ್ರಕಟವಾದದ್ದು 1955ರಲ್ಲಿ. ಬರಿಯ ಪೌಷ್ಟಿಕಾಂಶದ ಕೊರತೆಯಿಂದ ಹೀಗಾಗುತ್ತದೆಂಬ ಹಳೆಯ ನಂಬಿಕೆ ಅಲ್ಲಿಗೆ ಬಿತ್ತು. ಕುಡಿತವನ್ನು ಹಠಾತ್ತನೆ ನಿಲ್ಲಿಸಿದ್ದೇ ಕಾರಣವೆಂದು ಸಿದ್ಧವಾಯಿತು. ಇಂದು ಯಾವ ನೀತಿಮಂಡಳಿಯೂ ಅಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡದು. ಆದರೆ ನಾವು ಅದೇ ಪ್ರಯೋಗವನ್ನು, ವೈದ್ಯನಿಲ್ಲದೆ, ಊಟವನ್ನೂ ಕಿತ್ತುಕೊಂಡು, ಧರ್ಮದ ಹೆಸರಿನಲ್ಲಿ ಮನೆಯ ಕೋಣೆಗಳಲ್ಲಿ ನಡೆಸುತ್ತಿದ್ದೇವೆ.

ಊಟದ ಮಾತು ಬಂದುದರಿಂದ ಉಪವಾಸದ ವಿಷಯವನ್ನು ಹೇಳಲೇಬೇಕು. ಉಪವಾಸವು ನಮಗೆ ಪೂಜ್ಯ. ಆರೋಗ್ಯವಂತನ ಉಪವಾಸದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕುಡುಕನ ದೇಹದಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಮೊದಲೇ ಬರಿದಾಗಿರುತ್ತದೆ. ಮದ್ಯವು ಅದನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ, ಆಹಾರವೂ ಸರಿಯಾಗಿ ಸೇರಿರುವುದಿಲ್ಲ. ಇಂಥವನಿಗೆ ಪ್ರಾಯಶ್ಚಿತ್ತದ ಉಪವಾಸ ವಿಧಿಸುವುದು ಬರಿದಾದ ಕಣಜವನ್ನು ಗುಡಿಸಿದಂತೆ. ಥಯಮಿನ್ ತೀರಾ ಕುಸಿದಾಗ ಕಣ್ಣಿನ ಚಲನೆ ಕೆಡುತ್ತದೆ, ನಡಿಗೆ ತತ್ತರಿಸುತ್ತದೆ, ಬುದ್ಧಿ ಭ್ರಮಿಸುತ್ತದೆ. 1881ರಲ್ಲಿ ವೆರ್ನಿಕೆ ಎಂಬ ವೈದ್ಯರು ವರ್ಣಿಸಿದ ಈ ರೋಗಕ್ಕೆ ಕೂಡಲೇ ಥಯಮಿನ್ ಚುಚ್ಚುಮದ್ದು ಕೊಡದಿದ್ದರೆ ಹೊಸ ನೆನಪುಗಳೇ ನಿಲ್ಲದ ಶಾಶ್ವತ ಮರೆವು ಉಳಿಯಬಹುದು. ಪಾರಣೆಗೆಂದು ಸಕ್ಕರೆಯ ಪಾನಕ ಕೊಟ್ಟರೆ, ಉಳಿದಿದ್ದ ಅಲ್ಪಸ್ವಲ್ಪ ಥಯಮಿನ್ ಆ ಸಕ್ಕರೆಯನ್ನು ಅರಗಿಸುವುದಕ್ಕೇ ವ್ಯಯವಾಗುವ ಅಪಾಯವೂ ಇದೆ.

ಇನ್ನೂ ಒಂದು ರೂಢಿ ಉಂಟು. ಅದನ್ನು ನಾವು ಪುಣ್ಯವೆಂದೇ ಎಣಿಸಿದ್ದೇವೆ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವದಲ್ಲಿ ಮುಟ್ಟುವುದಿಲ್ಲ, ಆಮೇಲೆ ಯಥಾಪ್ರಕಾರ. ಮನೆಯವರು "ಹತ್ತು ದಿನವಾದರೂ ಬಿಟ್ಟನಲ್ಲ" ಎಂದು ಹಿಗ್ಗುವರು. ಅಪರೂಪಕ್ಕೆ ಕುಡಿಯುವವನಿಗೆ ಇದರಿಂದ ಒಳಿತೇ ಆಗಬಹುದು. ಆದರೆ ಅವಲಂಬನೆಗೆ ಬಿದ್ದವನ ಲೆಕ್ಕ ಬೇರೆ. ನಿಲ್ಲಿಸುವುದು, ಮತ್ತೆ ಹಿಡಿಯುವುದು, ಮತ್ತೆ ನಿಲ್ಲಿಸುವುದು ಹೀಗೆ ಆವರ್ತಿಸಿದಷ್ಟೂ ಮುಂದಿನ ಸಲದ ನಡುಕವೂ ಫಿಟ್ಸಿನ ಸಂಭವವೂ ಉಲ್ಬಣಿಸುತ್ತವೆ. ಚಿಕ್ಕ ಕಡ್ಡಿಗಳಿಂದ ಬೆಂಕಿ ಹೊತ್ತಿಸುವ ಕ್ರಿಯೆಗೆ ಹೋಲಿಸಿ 1978ರಲ್ಲಿ ಬ್ಯಾಲೆಂಜರ್, ಪೋಸ್ಟ್ ಎಂಬ ವೈದ್ಯರು ಇದನ್ನು ಮುಂದಿಟ್ಟರು. ಕಳೆದ ಪರ್ವದಲ್ಲಿ ಬರಿಯ ಕೈನಡುಕವಾಗಿದ್ದುದು ಬರುವ ಪರ್ವದಲ್ಲಿ ಫಿಟ್ಸ್ ಆಗಬಹುದು. "ಹೋದ ವರ್ಷ ಏನೂ ಆಗಿರಲಿಲ್ಲ" ಎಂಬುದು ಅಭಯವಲ್ಲ.

ಗುಟ್ಟಾಗಿ ಮಾತ್ರೆಯ ಪುಡಿಯನ್ನು ಸಾರಿನಲ್ಲಿ ಬೆರೆಸುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಡೈಸಲ್ಫಿರಾಮ್ ಎಂಬ ಆ ಔಷಧವು ಮದ್ಯವು ಒಡೆಯುವ ದಾರಿಯನ್ನು ನಡುವೆ ಕಟ್ಟಿಹಾಕುತ್ತದೆ. ಅಸಿಟಾಲ್ಡಿಹೈಡ್ ಎಂಬ ವಿಷ ಕೂಡಿಕೊಂಡು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರೋಗಿಯು ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಿದರೆ ಅದು ಉಪಯುಕ್ತ. ತಿಳಿಯದೆ ತಿಂದು ಮೇಲೆ ಕುಡಿದವನಿಗೆ ಅದು ಪ್ರಾಣಾಂತಿಕವಾಗಬಲ್ಲದು. ಕಷಾಯಗಳಲ್ಲಿ ಮಾಯೆಯನ್ನು ಎಣಿಸಿದ ಧರ್ಮದವರು ಅಡುಗೆಮನೆಯಲ್ಲಿ ಮಾಯಾಚಾರ ನಡೆಸಿ ಗಂಡನ ಜೀವವನ್ನು ಪಣಕ್ಕಿಡುವುದು ಯಾವ ಶಾಸ್ತ್ರ? ಹಾಗೆ ಮಾಡುವ ಹೆಂಗಸರನ್ನು ನಾನು ದೂಷಿಸಲಾರೆ; ಬೇರೆ ದಾರಿಯನ್ನು ಅವರಿಗೆ ನಾವು ತೋರಿಸಿಲ್ಲ.

ಆಕ್ಷೇಪಗಳು ಬರುವುವೆಂದು ಬಲ್ಲೆ. ಮೊದಲನೆಯದು ಹಿರಿಯರದು: "ತಪ್ಪನ್ನೆಲ್ಲ ಗ್ರಾಹಕಗಳ ತಲೆಗೆ ಕಟ್ಟಿದರೆ ಕುಡುಕನ ಹೊಣೆ ಏನಾಯಿತು?" ಹೊಣೆ ಎಲ್ಲಿಯೂ ಹೋಗಲಿಲ್ಲ. ಮೊದಲ ಲೋಟವನ್ನು ಎತ್ತಿದ ಕೈ ಅವನದೇ. ಚಿಕಿತ್ಸೆಗೆ ಒಪ್ಪಬೇಕಾದವನೂ ಅವನೇ. ಆದರೆ ನಡುವಿನ ಸ್ಥಿತಿಯನ್ನು ನಮ್ಮ ಆಚಾರ್ಯರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಎಂಟು ಕರ್ಮಗಳಿಗೆ ದೃಷ್ಟಾಂತ ಕೊಡುವಾಗ ಜ್ಞಾನಾವರಣಕ್ಕೆ ಪರದೆ, ವೇದನೀಯಕ್ಕೆ ಜೇನು ಸವರಿದ ಖಡ್ಗ ಎಂದವರು, ಮೋಹನೀಯಕ್ಕೆ ಹೋಲಿಸಿದ್ದು ಮದ್ಯವನ್ನೇ. ಹಿತಾಹಿತಗಳನ್ನು ತಿಳಿಯುವ ಶಕ್ತಿಯನ್ನೇ ಮಸುಕುಗೊಳಿಸುವ ವಸ್ತು ಅದೆಂದು ಕಂಡುದರಿಂದಲ್ಲವೇ ಆ ಹೋಲಿಕೆ? ಆ ಶಕ್ತಿ ಮಸುಕಾದವನಿಂದ "ದೃಢಮನಸ್ಸು ಮಾಡು" ಎಂದು ನಿರೀಕ್ಷಿಸುವುದು, ಕಾಲು ಮುರಿದವನಿಗೆ ಬೆಟ್ಟ ಹತ್ತಿ ಬಾ, ಆಮೇಲೆ ಕಟ್ಟು ಹಾಕೋಣ ಎಂದಂತೆ.

ಎರಡನೆಯದು ಇನ್ನೂ ಗಂಭೀರವಾದುದು: ಒಂದು ಅಮಲನ್ನು ಬಿಡಿಸಲು ಮತ್ತೊಂದು ಅಮಲಿನ ಮಾತ್ರೆ ಕೊಡುವುದು ಸರಿಯೇ? ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಮುಂತಾದ ಔಷಧಗಳು ಅದೇ ಗ್ಯಾಬಾ ಗ್ರಾಹಕದ ಮೇಲೆಯೇ ಕೆಲಸಮಾಡುತ್ತವೆಂಬುದು ನಿಜ. ಅವು ಫಲಿಸುವುದಕ್ಕೆ ಕಾರಣವೂ ಅದೇ. ಕುಸಿಯುತ್ತಿರುವ ಮಾಡಿಗೆ ಆಸರೆ ಕೊಟ್ಟು, ಗ್ರಾಹಕಗಳು ತಮ್ಮ ಸ್ಥಿತಿಗೆ ಮರಳುತ್ತ ಬಂದಂತೆ ದಿನದಿನಕ್ಕೂ ಅಳತೆ ಇಳಿಸಿ, ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ನಿಲ್ಲಿಸುತ್ತಾರೆ. ಇಳಿಸುವವನು ವೈದ್ಯನಾಗಿರಬೇಕು, ಔಷಧದಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿಸಿದರೆ ಅದೇ ಹೊಸ ವ್ಯಸನವಾದೀತು. ಆಮೇಲಿನ ಹಂತಕ್ಕೆ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯಿದೆ. ಅದರಲ್ಲಿ ಅಮಲಿಲ್ಲ, ಅಫೀಮಿನಂಥ ದ್ರವ್ಯಗಳ ಗ್ರಾಹಕವನ್ನು ಮುಚ್ಚಿ ಮದ್ಯದ ಹಿತವನ್ನು ಸಪ್ಪೆ ಮಾಡುತ್ತದೆ. ಅಮೆರಿಕೆಯಲ್ಲಿ ಮದ್ಯವ್ಯಸನಕ್ಕೆ ಅದಕ್ಕೆ ಮಾನ್ಯತೆ ದೊರೆತದ್ದು 1994ರಲ್ಲಿ. ಎಲ್ಲರಿಗೂ ಎಲ್ಲವೂ ಫಲಿಸುವುದೆಂದು ಹೇಳುವವನು ಮೋಸಗಾರ. ಸಿಆರ್‌ಎಫ್ ಗ್ರಾಹಕವನ್ನು ತಡೆಯುವ ಔಷಧಗಳ ಮೇಲೆ ಬಹಳ ಆಸೆಯಿತ್ತು. ಪ್ರಾಣಿಗಳಲ್ಲಿ ಗೆದ್ದ ಅವು 2015-16ರ ಸುಮಾರಿಗೆ ಪ್ರಕಟವಾದ ಮಾನವ ಪರೀಕ್ಷೆಗಳಲ್ಲಿ ಕುಡಿತದ ಬಯಕೆಯನ್ನು ತಗ್ಗಿಸಲಿಲ್ಲ. ಒತ್ತಡವನ್ನು ಗುಳಿಗೆಯಿಂದ ಕೀಳಲಾಗಿಲ್ಲ. ಸಾಲ, ದಾಯಾದಿ ವ್ಯಾಜ್ಯ, ಮಗಳ ಮದುವೆ, ನಷ್ಟದ ಅಂಗಡಿ, ಇವು ಗ್ರಾಹಕಗಳ ಹೊರಗಿರುವ ಸಂಗತಿಗಳು. ವ್ರತ, ಸಾಮಾಯಿಕ, ಸತ್ಸಂಗ, ಬಂಧುಗಳ ಆಸರೆ, ಇವುಗಳಿಗೆ ನಿಜವಾದ ಕೆಲಸವಿರುವುದು ಇಲ್ಲಿ: ವೈದ್ಯನು ಮೊದಲ ವಾರದ ಸೇತುವೆಯನ್ನು ದಾಟಿಸಿದ ಮೇಲೆ, ವರ್ಷಗಟ್ಟಲೆ. ನಾವು ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ದೇಶದ ಸ್ಥಿತಿಯೂ ನಮ್ಮ ಸ್ಥಿತಿಯೂ ಈ ವಿಷಯದಲ್ಲಿ ಬೇರೆಯಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 2.9 ಕೋಟಿ ಭಾರತೀಯರು ಮದ್ಯಕ್ಕೆ ಅವಲಂಬಿತರು. ಅವರಲ್ಲಿ 38 ಜನರಿಗೆ ಒಬ್ಬರಂತೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ 37 ಜನರ ಮನೆಗಳಲ್ಲಿ ಏನು ನಡೆಯುತ್ತಿದೆಯೆಂದು ಊಹಿಸಲು ದೂರ ಹೋಗಬೇಕಾಗಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೊಂದು, ಸ್ಥಿತಿಕರಣವೊಂದು. ಮೊದಲನೆಯದು ಪರರ ದೋಷವನ್ನು ಬೀದಿಗೆಳೆಯದಿರುವುದು. ಎರಡನೆಯದು ಜಾರುತ್ತಿರುವವನನ್ನು ಹಿಡಿದು ಮತ್ತೆ ನೆಲೆನಿಲ್ಲಿಸುವುದು. ನಾವು ಮೊದಲನೆಯದನ್ನು ಮುಚ್ಚಿಡುವುದೆಂದು ಅರ್ಥಮಾಡಿಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ಸಂಬಂಧ ಕೂಡಿಬರದೆಂಬ ಭಯದಿಂದ ಮನೆಯವರು ವೈದ್ಯರ ಬಳಿಗೆ ಹೋಗುವುದಿಲ್ಲ. ಊರಿನ ಆಸ್ಪತ್ರೆ ಬೇಡ, ಯಾರಾದರೂ ಕಂಡಾರು. ಇತ್ತ ಮುಚ್ಚಿಟ್ಟದ್ದು ಬಯಲಾದೊಡನೆ ಅದೇ ಸಮಾಜವು ಪಂಕ್ತಿಯಿಂದ ಏಳಿಸುತ್ತದೆ, ಪೂಜೆಯ ಸರದಿಯಿಂದ ಹೆಸರು ತೆಗೆಯುತ್ತದೆ, ತಾಯಿಗೂ ಮಡದಿಗೂ ಚುಚ್ಚುಮಾತಾಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸ್ಥಿತಿಕರಣಕ್ಕೆ ನಿದರ್ಶನವಾಗಿ ಹೇಳುವ ವಾರಿಷೇಣನ ಕಥೆಯನ್ನು ಮಕ್ಕಳಿಗೆ ಕಲಿಸುತ್ತೇವೆ. ಹೆಂಡತಿಯ ನೆನಪಿನಲ್ಲಿ ಮುನಿವ್ರತದಿಂದ ಜಾರುತ್ತಿದ್ದ ಗೆಳೆಯನನ್ನು ಅವನು ಸಂಘದೆದುರು ಬಯ್ಯಲಿಲ್ಲ, ಹೊರಗೆ ಹಾಕಲಿಲ್ಲ. ತಾನೇ ಜೊತೆಯಾಗಿ ನಡೆದುಹೋಗಿ ಅವನ ಕಣ್ಣು ತೆರೆಯುವ ಉಪಾಯ ಮಾಡಿದನು. ಜೊತೆಯಾಗಿ ನಡೆದನೆಂಬ ಭಾಗವನ್ನು ನಾವು ಪಾಠದಲ್ಲಿ ಬೇಗ ದಾಟಿಬಿಡುತ್ತೇವೆ.

ಆಡಳಿತ ಮಂಡಳಿಗಳ ಸದಸ್ಯರಿಗೆ ಸ್ಪಷ್ಟವಾಗಿ ಹೇಳಬೇಕಾದುದಿದೆ. ದಿನವೂ ಕುಡಿಯುವವನಿಗೆ, ವೈದ್ಯರು ನೋಡುವ ಮೊದಲು, ಇನ್ನು ಮುಂದೆ ನಿಮ್ಮ ಸನ್ನಿಧಿಯಲ್ಲಿ ಮದ್ಯತ್ಯಾಗದ ನಿಯಮ ಕೊಡಿಸಬೇಡಿ. ನಿಯಮಕ್ಕೆ ಬಂದವನನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ನಿಯಮವನ್ನು ಅಲ್ಲಿಂದ ಬಂದ ಮೇಲೆ ಸ್ವೀಕರಿಸಲಿ, ಆಗ ಅದನ್ನು ಉಳಿಸಿಕೊಳ್ಳುವ ಶಕ್ತಿ ಅವನಿಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಹಳ್ಳಿಗಳಲ್ಲಿ ನಡೆಸಿಕೊಂಡು ಬಂದಿರುವ ಮದ್ಯವರ್ಜನ ಶಿಬಿರಗಳಿಂದ ನಾವು ಕಲಿಯಬೇಕಾದುದು ಶಿಬಿರವನ್ನಷ್ಟೇ ಅಲ್ಲ. ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಕೂಡಿಸಿ ಅನಂತರವೂ ಕೈಬಿಡದಿರುವ ಕ್ರಮವನ್ನು. ಎಷ್ಟೋ ಬಸದಿಗಳ ಬಳಿ ವರ್ಷದ ಹೆಚ್ಚು ದಿನ ಬೀಗ ಬಿದ್ದಿರುವ ಸಭಾಭವನಗಳಿವೆ. ವಾರಕ್ಕೊಂದು ಸಂಜೆ ಅಂಥ ಹತ್ತು ಜನ ಕುಳಿತು ಮಾತಾಡಲು ಒಂದು ಕೋಣೆಯನ್ನೂ, ಅವರ ಹೆಂಗಸರು ಹೆದರದೆ ಬಾಯಿಬಿಡಲು ಇನ್ನೊಂದನ್ನೂ ತೆರೆದರೆ ದೇವದ್ರವ್ಯಕ್ಕೆ ಲೋಪವಾಗದು. ಮತ್ತೆ ಜಾರಿದವನನ್ನೂ ಒಳಗೆ ಬಿಡಬೇಕು. ಇದು ಮತ್ತೆ ಮತ್ತೆ ಮರುಕಳಿಸುವ ರೋಗ. ಸಕ್ಕರೆ ಕಾಯಿಲೆಯವನ ಸಕ್ಕರೆ ಏರಿದರೆ ನಾವು ಅವನನ್ನು ಬಸದಿಯಿಂದ ಹೊರಗೆ ನಿಲ್ಲಿಸುವುದಿಲ್ಲ.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ ಕನ್ನಡದಲ್ಲಿಯೂ ದೊರೆಯುತ್ತದೆ, ಸಂಖ್ಯೆ 14416. ಹೆಸರು ಹೇಳಬೇಕಾಗಿಲ್ಲ. ಅಭಿಷೇಕ, ಪೂಜೆಗಳ ದರಪಟ್ಟಿ ಬರೆದಿರುವ ಫಲಕದಲ್ಲಿ ಕೆಳಗಡೆ ಇನ್ನೊಂದು ಸಾಲಿಗೆ ಸ್ಥಳವಿರುತ್ತದೆ. ಅದನ್ನು ಬರೆಸಲು ವಾರ್ಷಿಕ ಸಭೆಯ ಠರಾವಿಗಾಗಿ ಕಾಯಬೇಕಾಗಿಲ್ಲ.